ಮೂವತ್ತೇಳೂವರೆ ಮೀಟರಿನ ನ್ಯಾಯ

ಬಂದೂಕಿನ ಬಗ್ಗೆ ನನಗೆ ತಿಳಿದಿರುವುದೆಲ್ಲ ಓದಿ ತಿಳಿದದ್ದು. ಹೊಡೆದು ತಿಳಿದದ್ದು ಒಂದೇ ಒಂದು. ನನ್ನನ್ನು ಕಂಡರೆ ಗುರಿಹಲಗೆಗೆ ಕಿಂಚಿತ್ತೂ ಭಯವಿಲ್ಲ. ಆದರೂ ಭಾನುವಾರ ಬಂತೆಂದರೆ ಯಲಬುರ್ಗಾದಲ್ಲಿ ಬಸ್ಸು ಹತ್ತಿ, ಕೊಪ್ಪಳದ ಆಚೆ ಬಂಡೆಗುಡ್ಡದ ಬುಡದಲ್ಲಿರುವ ರೈಫಲ್ ಕ್ಲಬ್ಬಿಗೆ ಹೋಗುತ್ತೇನೆ. ಕ್ಲಬ್ಬು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ತಗಡಿನ ಚಪ್ಪರ, ಕೆಲವು ಪ್ಲಾಸ್ಟಿಕ್ ಕುರ್ಚಿ, ಎಲ್ಲರಿಗೂ ಸೇರಿ ಒಂದೇ ಒಂದು ಬಂದೂಕು, ಮತ್ತು ಆ ಬಂದೂಕಿಗಿಂತ ಹೆಚ್ಚು ಸದ್ದು ಮಾಡುವ ನಾವು.

ನಿಜವಾಗಿಯೂ ಬಂದೂಕಿನ ಸದ್ದು ಕಡಿಮೆ. ಚಿಕ್ಕ ನಳಿಕೆ, ಕಡಲೆಕಾಳಿನಷ್ಟು ದಪ್ಪದ ಗುಂಡು. ಪಕ್ಕದ ಹೊಲದ ಎಮ್ಮೆಗಳು ಬೆದರಬಾರದೆಂದು ಶಬ್ದಕ್ಕಿಂತ ನಿಧಾನವಾಗಿ ಹೋಗುವ ಗುಂಡನ್ನೇ ತರಿಸುತ್ತೇವೆ. ಹೀಗಾಗಿ ಗುರಿಹಲಗೆಯ ಹತ್ತಿರ ಮೊದಲು ಸದ್ದು ಹೋಗಿ ಮುಟ್ಟುತ್ತದೆ, ಗುಂಡು ಆಮೇಲೆ ಬರುತ್ತದೆ. ಇದರಲ್ಲಿ ನಮ್ಮ ಕಡೆಯವರಿಗೆ ಹೊಸದೇನೂ ಕಾಣಲಿಲ್ಲ. ನಮ್ಮಲ್ಲಿ ನೀರಿನ ಯೋಜನೆಯೂ ಹಾಗೆಯೇ ಬರುವುದು. ಮೈಕು ಮೊದಲು ಬರುತ್ತದೆ, ಹಾರ ತುರಾಯಿ ಆಮೇಲೆ, ನೀರು ಬಂದರೆ ಬಂತು.

ಈ ನಿಧಾನದ ಗುಂಡಿಗೆ ಒಂದು ಗುಣವಿದೆ. ಅದು ಬೇಗ ಕೆಳಗಿಳಿಯುತ್ತದೆ. ನಮ್ಮ ನೋಟ ನೂಲು ಹಿಡಿದಂತೆ ನೇರ ಹೋಗುತ್ತದೆ, ಗುಂಡು ಮಾತ್ರ ತುಸು ಏರಿ ಮತ್ತೆ ಬಾಗುತ್ತದೆ. ಆ ಬಾಗು ನಮ್ಮ ನೋಟಕ್ಕೆ ಯಾವ ದೂರದಲ್ಲಿ ಸರಿಯಾಗಿ ಕೂಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ, ಬಂದೂಕಿನ ಮೇಲಿನ ನೋಟದ ಪಟ್ಟಿಯ ತಿರುಪನ್ನು ತಿರುಗಿಸಿ ಇಡಬೇಕು. ಇದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಹತ್ತಿರಕ್ಕೆ ಝೀರೋ ಮಾಡಿದರೆ ದೂರದಲ್ಲಿ ಗುಂಡು ಕೆಳಗೆ ಬೀಳುತ್ತದೆ. ದೂರಕ್ಕೆ ಮಾಡಿದರೆ ಹತ್ತಿರದಲ್ಲಿ ಮೇಲೆ ಬಡಿಯುತ್ತದೆ. ನಮ್ಮ ಪುರಾಣದ ಬಿಲ್ಲುಗಾರರಿಗೆ ಈ ತಾಪತ್ರಯ ಇರಲಿಲ್ಲ. ಅವರ ಬಾಣ ಮಂತ್ರ ಕೇಳಿಕೊಂಡು ಹೋಗುತ್ತಿತ್ತು. ನಮ್ಮ ಗುಂಡು ಯಾರ ಮಾತನ್ನೂ ಕೇಳುವುದಿಲ್ಲ.

ನಮ್ಮ ಮೈದಾನದಲ್ಲಿ ಗುರಿ ಇಡುವ ಜಾಗ ಎರಡು. ಒಂದು ಇಪ್ಪತ್ತೈದು ಮೀಟರಿಗೆ, ಇನ್ನೊಂದು ಐವತ್ತಕ್ಕೆ. ಗಂಗಾವತಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಖಾದರಸಾಬರದು ಇಪ್ಪತ್ತೈದರ ಪಕ್ಷ. "ಅದರಾಚಿ ನನಗ ಹಲಗಿ ಕಾಣಂಗಿಲ್ರಿ ಸರ್. ಕಾಣಲಾರದ್ದಕ್ಕ ಗುರಿ ಯಾಕ ಇಡಬೇಕು?" ಎಂಬುದು ಅವರ ವಾದ. ನನ್ನದು ಐವತ್ತರ ಪಕ್ಷ. ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ಯಾವುದೇ ವಿಷಯವನ್ನು ಅಗತ್ಯಕ್ಕಿಂತ ದೂರ ಒಯ್ಯುವುದು ನನಗೆ ಉದ್ಯೋಗದಿಂದಲೇ ಬಂದ ಚಟ. ಖಾದರಸಾಬರು ಬಂದಾಗ ತಿರುಪನ್ನು ಅತ್ತ ತಿರುಗಿಸುವರು, ನಾನು ಬಂದಾಗ ಇತ್ತ ತಿರುಗಿಸುವೆನು. ಮೂರನೆಯವನು ಹೊಡೆದರೆ ಗುಂಡು ಎಲ್ಲಿಗೆ ಹೋಯಿತೆಂದು ಎಮ್ಮೆಗಳನ್ನೇ ಕೇಳಬೇಕಾಗಿತ್ತು.

ಆದರೆ ಈ ವರ್ಷ ಐವತ್ತರ ಪರ ನಾನು ಹೋರಾಡಿದ್ದು ನನಗಾಗಿ ಅಲ್ಲ. ನನ್ನ ಹೆಂಡತಿ ನೀಲಾ ಯಲಬುರ್ಗಾದ ಅಂಚೆ ಕಚೇರಿಯಲ್ಲಿದ್ದಾಳೆ. ನಾನು ನನ್ನ ಕಾಲಿಗೇ ಹೊಡೆದುಕೊಳ್ಳದಂತೆ ನೋಡಿಕೊಳ್ಳಲು ಕ್ಲಬ್ಬಿಗೆ ಬಂದವಳು, ಬೇಸರಕ್ಕೆ ಒಮ್ಮೆ ಬಂದೂಕು ಹಿಡಿದಳು. ಗುಂಡು ಹೋಗಿ ಚುಕ್ಕಿಯ ನಡುವೆಯೇ ಬಡಿದಾಗ ಎಲ್ಲರೂ ಕುರ್ಚಿ ಬಿಟ್ಟು ಎದ್ದು ನಿಂತರು. ದಿನವಿಡೀ ಮುದ್ರೆ ಒತ್ತಿ ಪಳಗಿದ ಕೈ, ಅಲುಗುವುದೇ ಇಲ್ಲ. ಆಗ ನನಗೆ ಹಳೆಯ ಕಥೆ ನೆನಪಾಯಿತು. ಅವಳು ಗಂಗಾವತಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರಾಜ್ಯಮಟ್ಟದ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಅದೇ ವಾರ ಲಗ್ನದ ಮುಹೂರ್ತ ಕೂಡಿಬಂತು. ವರ ಯಾರೆಂದು ನೀವು ಕೇಳುವುದು ಬೇಡ, ನಾನು ಹೇಳುವುದೂ ಬೇಡ.

ಈ ವರ್ಷ ಮತ್ತೆ ಜಿಲ್ಲೆಯಿಂದ ಒಬ್ಬ ಹೆಣ್ಣುಮಗಳನ್ನು ರಾಜ್ಯಮಟ್ಟಕ್ಕೆ ಕಳಿಸುವವರಿದ್ದರು. ಆಯ್ಕೆ ನಮ್ಮ ಮೈದಾನದಲ್ಲೇ, ಕ್ಲಬ್ಬಿನ ಬಂದೂಕಿನಲ್ಲೇ, ಐವತ್ತು ಮೀಟರಿನಲ್ಲೇ. "ಕಣ್ಣಿಗೆ ಚಾಳೀಸ ಬರೂದ್ರಾಗ ಒಮ್ಮೆ ಹೋಗಿ ಬರಬೇಕ್ರಿ," ಎಂದಳು ನೀಲಾ. ಕನ್ನಡಕ ಬರುವ ಮುನ್ನ ಎಂದರೆ ಈ ವರ್ಷವೇ. ನೀಲಾ ಏನನ್ನಾದರೂ ಬೇಕೆಂದು ಬಾಯಿಬಿಟ್ಟು ಕೇಳುವುದೇ ಅಪರೂಪ. ಹೇಗಾದರೂ ಇದು ಅವಳಿಗೆ ಸಿಗಲೇಬೇಕೆಂದು ನನಗೂ ಅನಿಸಿತು.

ಅನಿಸಿದ ಮೇಲೆ ಸುಮ್ಮನಿದ್ದಿದ್ದರೆ ಸಾಕಿತ್ತು. ಆಯ್ಕೆಯ ದಿನ ತಿರುಪನ್ನು ನಾಲ್ಕು ಕಟಕಟ ತಿರುಗಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಓದಿದವನು ನೋಡಿ, ಸಭೆ ಕರೆಸಿದೆ. ಕರಿಹಲಗೆಯ ಮೇಲೆ ಗುಂಡಿನ ದಾರಿ ಬರೆದು, ಅರ್ಧ ತಾಸು ಭಾಷಣ ಮಾಡಿದೆ. ಖಾದರಸಾಬರು ಎದ್ದು, "ಸರ್ ಬರೆದ ಚಿತ್ರ ಭಾಳ ಛಲೋ ಐತಿ. ಆದ್ರ ಕ್ಲಬ್ಬಿನ್ಯಾಗ ಹೊಡಿಯೋರೆಲ್ಲ ಇಪ್ಪತ್ತೈದಕ್ಕ ಹೊಡಿತಾರಲ್ರಿ?" ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಾರ್ಯದರ್ಶಿ ವಿರೂಪಾಕ್ಷಪ್ಪನವರು ಕೈ ಎತ್ತಿದರು. ಅವರು ನಿವೃತ್ತ ಶಿರಸ್ತೇದಾರರು. ಅಣ್ಣತಮ್ಮಂದಿರ ಹೊಲದ ತಂಟೆ ಬಗೆಹರಿಸಿಯೇ ಕೂದಲು ಹಣ್ಣು ಮಾಡಿಕೊಂಡವರು.

"ನೋಡ್ರಿ, ಇಬ್ರೂ ನಮ್ಮವರ. ಒಬ್ರ ಕಡಿ ಮಾಡಿದ್ರ ಇನ್ನೊಬ್ರ ಮನಸಿಗೆ ನೋವು. ಅತ್ತ ಇಪ್ಪತ್ತೈದು, ಇತ್ತ ಐವತ್ತು. ನಡುವ ಬದು ಹಾಕಿಬಿಡೂನು," ಎಂದರು.

ಚಪ್ಪಾಳೆ ಬಿತ್ತು. ನಾಚಿಕೆಯ ಸಂಗತಿ, ನಾನೂ ತಟ್ಟಿದೆ. ಕೂಡಲೇ ಟೇಪು ಹಿಡಿದು ಮೂವತ್ತೇಳೂವರೆ ಮೀಟರು ಅಳೆದರು. ಅಲ್ಲಿ ಒಂದು ಜಾಲಿಗಿಡವಿತ್ತು. ಅದರ ಟೊಂಗೆಗೆ ಹಲಗೆ ಕಟ್ಟಿ ಬಂದೂಕನ್ನು ಝೀರೋ ಮಾಡಿದರು. ಮತ್ತೆ ಯಾರೂ ತಿರುಪಿಗೆ ಕೈ ಹಾಕಬಾರದೆಂದು ವಿರೂಪಾಕ್ಷಪ್ಪನವರು ಅರಗು ಕಾಸಿ, ಅದರ ಮೇಲೆ ಕ್ಲಬ್ಬಿನ ಮೊಹರು ಒತ್ತಿದರು. ಮೊಹರು ಒಡೆದವರ ಸದಸ್ಯತ್ವ ರದ್ದು. ಆಮೇಲೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಂದವು. ಖಾದರಸಾಬರು ತಮ್ಮ ಪಾಲಿನ ಮಿರ್ಚಿಯಲ್ಲಿ ಒಂದನ್ನು ನನ್ನ ತಟ್ಟೆಗೆ ಹಾಕಿದರು. ಅಷ್ಟು ಪ್ರೀತಿಯಿಂದ ನಡೆದ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರ ಮನಸ್ಸೂ ನೋಯಲಿಲ್ಲ. ಬಂದೂಕು ಮಾತ್ರ ಇಡೀ ಮೈದಾನದಲ್ಲಿ ಆ ಜಾಲಿಗಿಡ ಒಂದಕ್ಕೇ ನಿಯತ್ತಾಗಿ ಉಳಿಯಿತು.

ಮನೆಗೆ ಬಂದು ಹೇಳಿದಾಗ ನೀಲಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಅಂದ್ರ ಐವತ್ತಕ್ಕ ಗುಂಡು ಕೆಳಗ ಬೀಳತೈತಿ," ಎಂದಳು.

"ಬೀಳತೈತಿ," ಎಂದೆ.

"ನೀವು ಸಭಾದಾಗ ಏನ್ ಮಾಡ್ತಿದ್ರಿ?"

ಚಪ್ಪಾಳೆ ತಟ್ಟುತ್ತಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಆ ರಾತ್ರಿ ರೊಟ್ಟಿ ಎಂದಿಗಿಂತ ದಪ್ಪವಾಗಿದ್ದವು.

ಆಯ್ಕೆಯ ದಿನ ಕುಷ್ಟಗಿ ಕಡೆಯಿಂದಲೂ ಹೆಣ್ಣುಮಕ್ಕಳು ಬಂದಿದ್ದರು. ಎಲ್ಲರಿಗೂ ಅದೇ ಬಂದೂಕು, ಎಲ್ಲರ ಗುಂಡೂ ಕೆಳಗೆ. ಒಬ್ಬಳು ಗಾಳಿಯನ್ನು ಬೈದಳು, ಇನ್ನೊಬ್ಬಳು ಗುಂಡನ್ನು ಬೈದಳು. ಅರಗಿನ ಮೊಹರಿನ ಕಡೆ ನೋಡಿದವರೆಲ್ಲ ಅದೇನೋ ಪೂಜೆಯ ಗುರುತೆಂದು ತಿಳಿದು ಸುಮ್ಮನಾದರು. ನೀಲಾಳ ಸರದಿ ಬಂತು. ಚಾಪೆಯ ಮೇಲೆ ಬೋರಲು ಮಲಗಿದಳು. ನಾನು ಹಿಂದೆ ಬಗ್ಗಿ ಗುಂಡಿನ ಇಳಿತದ ಲೆಕ್ಕ ಪಿಸುಗುಟ್ಟತೊಡಗಿದೆ.

"ನೀವು ಚಪ್ಪರದಾಗ ಹೋಗಿ ಕುಂದರ್ರಿ," ಎಂದಳು.

ಕುಂತೆ. ಪರೀಕ್ಷೆಗೆಂದು ಕೊಡುವ, ಅಂಕಕ್ಕೆ ಸೇರದ ಎರಡು ಗುಂಡು ಮೊದಲು ಹೊಡೆದಳು. ಎರಡೂ ಕರಿ ಚುಕ್ಕಿಯ ಕೆಳಗೆ, ಅಕ್ಕಪಕ್ಕ. ನನ್ನ ಪಕ್ಕದಲ್ಲಿದ್ದ ಖಾದರಸಾಬರು, ಹಲಗೆ ಕಾಣದಿದ್ದರೂ, ನನ್ನ ಮುಖ ನೋಡಿಯೇ "ಯಾ ಅಲ್ಲಾ" ಎಂದರು. ಮುಂದಿನ ಗುಂಡಿಗೆ ನೀಲಾ ಬಹಳ ಹೊತ್ತು ತಡೆದಳು. ಎಲ್ಲರೂ ಚುಕ್ಕಿಯ ಬುಡಕ್ಕೆ ನೋಟ ಹಿಡಿಯುತ್ತಾರೆ. ಅವಳ ನಳಿಕೆ ಕೂದಲೆಳೆಯಷ್ಟು ಮೇಲೆದ್ದಿತು. ಗುಂಡು ಹೋಗಿ ನಡುಮಧ್ಯ ಕುಂತಿತು. ಅದರ ಮುಂದಿನದೂ ಅಲ್ಲಿಯೇ. ನೀಲಾಳ ಹೆಸರು ಕೂಗಿದಾಗ ಖಾದರಸಾಬರು ನನ್ನನ್ನು ತಬ್ಬಿಕೊಂಡರು. ನನ್ನ ಕಣ್ಣು ತುಂಬಿ, ನನಗೂ ಹಲಗೆ ಕಾಣದಂತಾಯಿತು.

ವಿರೂಪಾಕ್ಷಪ್ಪನವರು ಮಾತ್ರ ಗಂಭೀರವಾಗಿ ಎದ್ದು, "ನಡುವ ಬದು ಹಾಕಿದ್ದಕ್ಕ ಆತು ನೋಡ್ರಿ ಇದು," ಎಂದರು. ಆಡಳಿತ ಎಂದರೆ ಹೀಗಿರಬೇಕು. ಕಲ್ಲು ಹಾಕಿದವರೂ ಅವರೇ, ಎಡವದೆ ದಾಟಿದ್ದಕ್ಕೆ ಶಾಲು ಹೊದಿಸಿಕೊಳ್ಳುವವರೂ ಅವರೇ.

ಯಲಬುರ್ಗಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ನೀಲಾಳನ್ನು, ಇಷ್ಟೆಲ್ಲ ಓದಿದ ನಾನು, ವಿದ್ಯಾರ್ಥಿಯಂತೆ ಕೇಳಿದೆ: "ಎಷ್ಟು ಮ್ಯಾಲ ಹಿಡಿಬೇಕಂತ ಹೆಂಗ ತಿಳೀತು?"

"ಎಷ್ಟು ಕೆಳಗ ಬೀಳತೈತಿ ಅಂತ ಗೊತ್ತಾದ್ರ ಆತು, ಅಷ್ಟ ಮ್ಯಾಲ ಹಿಡಿಯೂದು. ಬಂದೂಕಿಂದು ಎರಡ ಗುಂಡಿನ್ಯಾಗ ತಿಳೀತು," ಎಂದು ನನ್ನ ಕಡೆ ತಿರುಗಿದಳು. "ನಿಮ್ಮದು ತಿಳಿಯಾಕ ಇಪ್ಪತ್ತು ವರ್ಷ ಹಿಡೀತು."

ಆಕೆ ನಗುತ್ತಿದ್ದಳು. ನಾನು ಮೊದಲ ಸಲ, ಯಾವ ವಾದವನ್ನೂ ಹೂಡದೆ, ನೆಟ್ಟಗೆ ಕುಳಿತೆ.