ಮನೆಗೊಂದು ಮೂಗುದಾರ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೊನೆಯ ವರ್ಷಗಳಲ್ಲೆಲ್ಲ ಗ್ರೀಸು ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ, ಸೀಮೆಎಣ್ಣೆಯಲ್ಲಿ ಅದ್ದಿದರೂ ಹೋಗದ ಕಪ್ಪು ಗೆರೆ ಅದು. ಅದೇ ಕೈಯಲ್ಲಿ ಬಿಸಿಮುದ್ದೆ ಕಟ್ಟಿ ತಟ್ಟೆಗಿಡುತ್ತಿದ್ದರು. ನಾನು ಮುಖ ಸಿಂಡರಿಸಿದರೆ, “ಉಣ್ಣಮ್ಮಿ ಸುಮ್ಕೆ. ಗ್ರೀಸಿದ್ರೆ ಮುದ್ದೆ ಗಂಟ್ಲಲ್ಲಿ ಸಲೀಸಾಗಿ ಇಳೀತದೆ,” ಅನ್ನುವರು. ಅತ್ತೆಯ ಮಾತಿಗೆ ಎದುರುಮಾತು ಹೊಳೆಯಬೇಕಾದರೆ ನನಗೆ ಅರ್ಧ ದಿನ ಬೇಕು. ಅಷ್ಟರಲ್ಲಿ ಅವರು ಇನ್ಯಾರ ಜೊತೆಗೋ ಜಗಳಕ್ಕೆ ನಿಂತಿರುತ್ತಿದ್ದರು.

ಕೋಡಿಹಳ್ಳಿ ಹತ್ತಿರ ನಮ್ಮ ಮನೆ. ನಮ್ಮ ಯಜಮಾನರಿಗೆ ಕನಕಪುರದಲ್ಲಿ ವೆಲ್ಡಿಂಗ್ ಅಂಗಡಿ, ನನಗೆ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಹಸು ಇಟ್ಟುಕೊಂಡು, ಇಡೀ ಊರಿಗೆ ಬುದ್ಧಿ ಹೇಳಿಕೊಂಡು ಆರಾಮಾಗಿದ್ದರು. ಆರಾಮ ಅಂದೆ, ಆದರೆ ಅದು ಪೂರ್ತಿ ನಿಜವಲ್ಲ. ಗರ್ಭಕೋಶ ತೆಗೆಸಿದ ಮೇಲೆ ಅವರಿಗೆ ಒಂದಕ್ಕೆ ತಡೆಯುವ ಶಕ್ತಿಯೇ ಹೋಗಿಬಿಟ್ಟಿತ್ತು. ಮಾತ್ರೆ, ಕಷಾಯ ಎಲ್ಲ ಆಯಿತು. ಒಂದು ಮದುವೆಗೆ ಬಸ್ಸಿನಲ್ಲಿ ಹೋಗುವಾಗ ಸೀರೆ ಒದ್ದೆಯಾಯಿತು. ಅವತ್ತು ಬಸ್ಸಿಳಿದು, ಮದುವೆಮನೆಗೆ ಹೋಗದೆ, ರಸ್ತೆ ದಾಟಿ ವಾಪಸ್ ಬಸ್ಸು ಹತ್ತಿ ಬಂದವರು ಮತ್ತೆ ಯಾವ ಊರಿಗೂ ಹೊರಡಲಿಲ್ಲ. ಕೇಳಿದರೆ, “ಹಸ ಯಾರು ಕಟ್ತಾರೆ?” ಅನ್ನುತ್ತಿದ್ದರು. ಊರಿನವರಿಗೆಲ್ಲ ನಮ್ಮತ್ತೆ ಹಸುವಿನ ಹುಚ್ಚಿ ಅಂತ ಹೆಸರಾಯಿತು. ಹಾಗೇ ತಿಳಿದುಕೊಳ್ಳಲಿ ಅಂತ ಅವರೂ ಬಿಟ್ಟಿದ್ದರು.

ಅವರಿಗೆ ಒಡಹುಟ್ಟಿದವರು ಅಂತ ಇದ್ದದ್ದು ತಂಗಿ ಒಬ್ಬರೇ, ನಮಗೆ ಚಿಕ್ಕತ್ತೆ. ಕೊಟ್ಟದ್ದು ಹಿರಿಯೂರಿನ ಕಡೆಗೆ. ಅಣ್ಣತಮ್ಮಂದಿರಿಲ್ಲ, ಅಪ್ಪ ಅವ್ವ ಹೋದರು, ಹುಟ್ಟಿದ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಹಾಗಾಗಿ ಚಿಕ್ಕತ್ತೆಗೆ ತವರು ಅಂದರೆ ನಮ್ಮನೆಯೇ. ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಬಂದು, ಅಕ್ಕನ ಮನೆಯಲ್ಲಿ ಮಡಿಲು ತುಂಬಿಸಿಕೊಂಡು, ಆ ಅಕ್ಕಿ ಕಾಯಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ವರ್ಷ ಬರಲಿಲ್ಲ. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು.

ನಮ್ಮತ್ತೆ ಆಗ ಹಸುವನ್ನು ನನ್ನ ತಲೆಗೆ ಕಟ್ಟಿ ಬಾಡಿಗೆ ಕಾರಿನಲ್ಲಿ ಹೊರಟೇಬಿಟ್ಟರು. ಹಿಂದಿನ ದಿನದಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ತುಮಕೂರು ತಲಪುವಷ್ಟರಲ್ಲಿ ತಲೆಸುತ್ತಿ ಬಿದ್ದರು. ಅಲ್ಲೇ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ವಾಪಸ್ ಬಂದರು. ಬಂದವರು ಕೊಟ್ಟಿಗೆಯಲ್ಲಿ ಕೂತು ಅತ್ತರು. “ಅವ್ಳು ತವರಿಲ್ದೋಳಾಗಿ ಸತ್ತೋಯ್ತಾಳೆ ಕಣಮ್ಮಿ,” ಅಂದರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎದ್ದು ಹಸುವಿಗೆ ಹುಲ್ಲು ಹಾಕಿದೆ.

ಅದಾದ ಮೇಲೆ ಒಂದು ದಿನ ನಮ್ಮ ಯಜಮಾನರು ಕಬ್ಬಿಣ ಆರಿಸಲು ಬಿಡದಿ ಕಡೆಯ ಗುಜರಿಗೆ ಹೋಗಿದ್ದರು. ಅಲ್ಲೊಂದು ಚಕ್ರದ ಕೋಣೆ ಬಿದ್ದಿತ್ತಂತೆ. ರಸ್ತೆ ಕೆಲಸದ ಇಂಜಿನಿಯರುಗಳು ತಂಗುತ್ತಿದ್ದದ್ದು, ಕೆಲಸ ಮುಗಿದ ಮೇಲೆ ಗುಜರಿ ಸೇರಿತ್ತು. ಜೀಪಿಗೆ ಕಟ್ಟಿ ಎಳೆಯುವಂಥದ್ದು. ಒಳಗೆ ಎರಡು ಮಂಚ, ಒಂದು ಅಡಿಗೆಕಟ್ಟೆ. ಸುಮ್ಮನೆ ಮಾತಿಗೆ ಅಂತ ಫೋಟೊ ತೋರಿಸಿದರು.

“ಮೂಲೆಲಿ ಅದೇನ್ಲಾ ಬಾಗ್ಲು?” ಅಂದರು ಅತ್ತೆ.

“ಕಕ್ಕಸು ಕಣವ್ವ.”

ಅತ್ತೆ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. “ಚಕ್ರದ ಮ್ಯಾಲೆ ಕಕ್ಕಸಾ!” ಅಂದವರು ಊಟಕ್ಕೆ ಕೂತಾಗಲೂ ಇನ್ನೊಂದು ಸಲ ಫೋಟೊ ಕೇಳಿ ನೋಡಿದರು. ಬೆಳಿಗ್ಗೆ ಎದ್ದು ಮಗನಿಗೆ ಕಾಫಿ ಕೊಡುತ್ತಾ, “ಅದು ನಂಗೆ ಬೇಕು,” ಅಂದರು. ಅಷ್ಟೇ. ಆ ದನಿಗೆ ನಮ್ಮ ಮನೆಯಲ್ಲಿ ಅಪೀಲಿಲ್ಲ.

ಹೀಗೆ ಅದು ಬಂದು ನಮ್ಮ ಹುಣಸೆ ಮರದ ಕೆಳಗೆ ನಿಂತಿತು. ಊರಿನವರು ಅದಕ್ಕೆ ‘ಕಕ್ಕಸುಗಾಡಿ’ ಅಂತ ನಾಮಕರಣ ಮಾಡಿದರು. ಅತ್ತೆಗೆ ಕಕ್ಕಸು ಅಂದರೆ ಸಿಟ್ಟಿಲ್ಲ, ಗಾಡಿ ಅಂದರೆ ಮಾತ್ರ ಉರಿದುಬೀಳುತ್ತಿದ್ದರು. “ಗಾಡಿ ಅನ್ಬ್ಯಾಡಿ. ಮನೆ ಅನ್ನಿ.” ಜೀಪಿಗೆ ಸಿಕ್ಕಿಸುವ ಕೊಂಡಿಗೆ ಅವರಿಟ್ಟ ಹೆಸರು ಮೂಗುದಾರ. ಮನೆಗೆ ಎಲ್ಲಾದರೂ ಮೂಗುದಾರ ಹಾಕುತ್ತಾರಾ ಅಂತ ನಾನು ಕೇಳಿದ್ದಕ್ಕೆ, “ಅಲ್ದಾಡೋ ಮನೆಗೆ ಹಾಕ್ಬೇಕು. ನಿನ್ನ ಗಂಡನ್ಗೂ ಹಾಕ್ಬೇಕಿತ್ತು, ನೀನೇ ಬುಟ್ಬುಟ್ಟೆ,” ಅಂದರು.

ಗುಜರಿಯಲ್ಲಿ ನಿಂತೇ ಇದ್ದದ್ದರಿಂದ ಟೈರು ಸೀಳಿದ್ದವು, ಹೊಸದು ಹಾಕಿಸಿದೆವು. ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸು ತುಂಬುವುದನ್ನು ಅತ್ತೆ ಮಗನಿಂದ ಕಲಿತರು. ಬೇರಿಂಗನ್ನು ಅಂಗೈಯಲ್ಲಿ ಹಿಡಿದು, ಕಡುಬಿಗೆ ಹೂರಣ ತುಂಬಿದ ಹಾಗೆ ಒತ್ತಿ ಒತ್ತಿ ತುಂಬುತ್ತಿದ್ದರು. ಆಮೇಲೆ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನೀರಿನ ಟ್ಯಾಂಕು ಬಂತು, ಬಿಸಿಲಿನ ಕರೆಂಟಿನ ಹಲಗೆ ಬಂತು, ಕಿಟಕಿಗೆ ಸೊಳ್ಳೆ ಪರದೆ ಬಂತು. ಅತ್ತೆ ಏಣಿ ಹತ್ತಿ ಮೇಲ್ಛಾವಣಿಯ ಹುಣಸೆ ಎಲೆ ಗುಡಿಸುತ್ತಿದ್ದರೆ ಕೆಳಗೆ ನಾನು ಏಣಿ ಬಿಗಿಹಿಡಿದು ನಿಂತಿರುತ್ತಿದ್ದೆ.

ಆದರೆ ಒಳಗೆ ಹೋದರೆ ಒಂಥರಾ ಮುಗ್ಗಲು ವಾಸನೆ. ಆ ಎಲೆ ಕಟ್ಟಿಕೊಂಡಾಗ ನೀರು ನಿಂತು ಎಲ್ಲೋ ಇಳಿಯುತ್ತಿದೆ, ನೆಲ ಬಿಚ್ಚಿ ನೋಡಿಸಿ ಅಂತ ನಾನು ಹೇಳಿದೆ. “ನಿಂಗೆ ಎಲ್ಲಾದ್ರಲ್ಲೂ ವಾಸ್ನೆ,” ಅಂದರು. ಸಾಂಬ್ರಾಣಿ ಹೊಗೆ ಹಾಕಿದರು. ಅದಕ್ಕೂ ಹೋಗದಿದ್ದಾಗ ಕನಕಪುರದಿಂದ ದೊಡ್ಡ ದೊಡ್ಡ ಗುಲಾಬಿ ಹೂವಿನ ರೆಗ್ಜಿನ್ ತರಿಸಿ ನೆಲದ ತುಂಬ ಅಂಟಿಸಿದರು. ನೋಡುವುದಕ್ಕೇನೋ ಚೆನ್ನಾಗಿತ್ತು.

ಕಕ್ಕಸಿನಲ್ಲಿ ಕೂತು ಏಳಲು ಹಿಡಿ ಬೇಕಿತ್ತು. ಸ್ಟೀಲಿನದು ತಣ್ಣಗಿರುತ್ತೆ, ಜಾರುತ್ತೆ ಅಂತ ಅತ್ತೆ ಒಪ್ಪಲಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಭಾಯಿಯೊಬ್ಬರು ಯಜಮಾನರಿಗೆ ಪರಿಚಯ. ಅವರು ಅಳತೆಗೆ ನಮ್ಮನೆಗೇ ಬಂದರು. “ಅಮ್ಮಾ, ಇದು ಮಕ್ಕಳ ಸಾಮಾನಲ್ಲ, ನಿಮ್ಮ ತೂಕ ತಡೀಬೇಕು. ನೀವೊಂದ್ಸಲ ಕೂತ್ರೆ ಎತ್ತರ ಗುರ್ತು ಹಾಕ್ಕೋತೀನಿ,” ಅಂದರು. ಅತ್ತೆ ಮುಚ್ಚಳ ಹಾಕಿದ ಕಮೋಡಿನ ಮೇಲೆ ಮದುವೆಹೆಣ್ಣಿನ ಹಾಗೆ ತಲೆ ತಗ್ಗಿಸಿ ಕೂತರು. ಭಾಯಿ ಮುಖ ಆ ಕಡೆ ತಿರುಗಿಸಿಕೊಂಡೇ ಗೋಡೆಗೆ ಪೆನ್ಸಿಲ್ ಗುರುತು ಹಾಕಿದರು. ಗಟ್ಟಿಮರದಲ್ಲಿ ಕಡೆದು, ಅರಗಿನ ಬಣ್ಣ ಕೊಟ್ಟು, ಕೆಂಪು ಹಳದಿ ಪಟ್ಟೆಯ ಹಿಡಿ ತಂದು ಕೂರಿಸಿದರು. ಜೊತೆಗೆ ಕಪಾಟು ತಿರುವಿನಲ್ಲಿ ತೆರೆದುಕೊಳ್ಳದ ಹಾಗೆ ಚಿಕ್ಕ ಚಿಕ್ಕ ಅಗುಳಿಗಳನ್ನೂ ಹಾಕಿಕೊಟ್ಟರು.

ಎಲ್ಲ ಮುಗಿಯಿತು, ಹಿರಿಯೂರಿಗೆ ಹೊರಡೋಣ ಅಂದರೆ ಅತ್ತೆ, “ಗೃಹಪ್ರವೇಶ ಆಗ್ಬೇಕು,” ಅಂದರು. ವಾಹನಕ್ಕೆ ನಿಂಬೆಹಣ್ಣು ಸಾಕು ಅಂತ ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಹಾಲು ಉಕ್ಕಬೇಕು, ಹಸು ಒಳಗೆ ಬರಬೇಕು.

“ಹಸನಾ?” ಅಂದೆ ನಾನು.

“ಹಸ ಬರ್ದಿದ್ರೆ ಅದೆಂಥ ಮನೆಯಮ್ಮಿ?”

ಪೂಜೆಗೆ ಅಯ್ಯನವರು ಬಂದರು. ಬಾಗಿಲಿಗೆ ತೋರಣ ಕಟ್ಟಿ, ಹತ್ತಲು ಅಗಲವಾದ ಹಲಗೆ ಇಟ್ಟೆವು. ಮುಂದಿನ ಕಡೆಗೆ ಮರದ ದಿಮ್ಮಿ ಕೊಟ್ಟಿದ್ದ ನಮ್ಮ ಯಜಮಾನರು ಹಿಂದಿನ ಕಡೆಗೆ ಜಾಕು ಕೊಡುವುದನ್ನು ಮರೆತಿದ್ದರು. ವೆಲ್ಡಿಂಗ್ ಅಂಗಡಿಯವರು ನೋಡಿ! ಅತ್ತೆ ಒಳಗೆ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದರು. ಬಾಗಿಲು ಇದ್ದದ್ದು ಹಿಂದಿನ ತುದಿಯಲ್ಲಿ. ನಾನು ಬೆಲ್ಲ ತೋರಿಸುತ್ತಾ ಹಸುವನ್ನು ಹತ್ತಿಸಿದೆ. ನಾಲ್ಕೂ ಕಾಲು ಒಳಗಿಟ್ಟಿತೋ ಇಲ್ಲವೋ, ಹಿಂಭಾಗ ಧಡಾರನೆ ಕೆಳಗೆ ಕೂತು ಮೂಗುದಾರ ಮೇಲಕ್ಕೆದ್ದಿತು. ಹಾಲು ಉಕ್ಕುವ ಬದಲು ಹಾರಿತು. ಅಯ್ಯನವರು ಮಂತ್ರದ ಮಧ್ಯೆ “ಅಯ್ಯಯ್ಯೋ ಶಿವನೇ” ಅಂದರು. ಹಸುವಿನ ಒಂದು ಮುಂಗಾಲು ಗುಲಾಬಿ ಹೂವಿನೊಳಗಿಂದ ತೂರಿ ನೆಲದ ಕೆಳಗೆ ಹೋಗಿತ್ತು.

ಹಸು ಒಂದು ಸಲ ಅತ್ತೆಯ ಮುಖ ನೋಡಿ, ನಿಂತಲ್ಲೇ ಜೋರಾಗಿ ಗಂಜಲ ಬಿಟ್ಟಿತು.

ಅತ್ತೆ ಮೈತುಂಬ ಹಾಲು ಸುರಿದುಕೊಂಡು, ಗೋಡೆ ಹಿಡಿದು ನಿಂತಿದ್ದವರು, “ನೋಡಮ್ಮಿ, ಪಾಪ, ಅದಕ್ಕೂ ನನ್ನಂಗೇ ತಡ್ಕಳಾಕಾಗ್ನಿಲ್ಲ,” ಅಂದರು. ಹೊರಗೆ ಊರಿನವರೆಲ್ಲ ನಿಂತಿದ್ದರು. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಒಂದೇ ಮಾತಿನಲ್ಲಿ ಆಡಿಬಿಟ್ಟು, ಅವರೇ ಮೊದಲು ನಕ್ಕರು. ಆಮೇಲೆ ನಾವೂ ನಕ್ಕೆವು. ಗುಂಪಿನಲ್ಲಿದ್ದ ಇಬ್ಬರು ಮೂವರು ಹೆಂಗಸರು ನಗದೆ ಅತ್ತೆಯನ್ನೇ ನೋಡುತ್ತಿದ್ದರು. ಮುಂದಿನ ವಾರದಲ್ಲಿ ಒಬ್ಬೊಬ್ಬರಾಗಿ ಬಂದು, “ನಂಗೂ ಹಂಗೇ ಆಯ್ತದೆ ಕಣಕ್ಕ,” ಅಂತ ಅತ್ತೆಯ ಹತ್ತಿರ ಪಿಸುಗುಟ್ಟಿ ಹೋದರು.

ಹಸುವಿನ ಕಾಲಿಗೆ ಸದ್ಯ ಏನೂ ಆಗಿರಲಿಲ್ಲ. ರೆಗ್ಜಿನ್ ಕಿತ್ತು ನೋಡಿದರೆ ಕೆಳಗಿನ ಪ್ಲೈವುಡ್ಡು ಟೀಯಲ್ಲಿ ನೆನೆದ ರಸ್ಕು. ಅಚ್ಚಿನ ಹತ್ತಿರದ ಕಬ್ಬಿಣವನ್ನೂ ತುಕ್ಕು ತಿಂದಿತ್ತು. “ಹಿಂಗೇ ಹೈವೇಗೆ ಹೋಗಿದ್ರೆ ಜೀಪು ಮುಂದೆ, ಮನೆ ಹಿಂದೆ ಕಣವ್ವ,” ಅಂದರು ಯಜಮಾನರು. ಅತ್ತೆ ನನ್ನ ಕಡೆ ನೋಡದೆ, “ಗೋಮಾತೆನೇ ಚೆಕಿಂಗ್ ಮಾಡ್ಕೊಟ್ಳು,” ಅಂದರು. ಮೊದಲೇ ವಾಸನೆ ಕಂಡುಹಿಡಿದಿದ್ದ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ ಅನ್ನಿ.

ರಿಪೇರಿ ಶುರುವಾಯಿತು. ಆಗಲೇ ಹಿರಿಯೂರಿನಿಂದ ಫೋನು: ಚಿಕ್ಕತ್ತೆ ಮತ್ತೆ ಆಸ್ಪತ್ರೆ ಸೇರಿದ್ದಾರೆ, ಊಟ ಬಿಟ್ಟಿದ್ದಾರೆ. ಅತ್ತೆಗೆ ತಡೆಯಲಾಗಲಿಲ್ಲ. “ಒಂದೆರಡು ಹಲಗೆ ಬಡ್ಕೊಟ್ಬುಡ್ಲಾ, ಹೋಗವ,” ಅಂತ ಮಗನ ಬೆನ್ನು ಹತ್ತಿದರು. ಅವರು ಒಪ್ಪಲಿಲ್ಲ. ಸದಾ ಅವ್ವನ ಮಾತಿಗೆ ಹೂಂ ಅನ್ನುವ ಮನುಷ್ಯ ಅವತ್ತು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ, “ತಂಗಿ ನೋಡಾಕೆ ಹೋಗಿ ನೀನು ದಾರೀಲಿ ಹೆಣವಾದ್ರೆ ನಾನೇನವ್ವ ಮಾಡ್ಲಿ?” ಅಂತ ಕೂಗಿದರು. ಕೂಗಿ, ಅಳು ಬಂದು, ಕನ್ನಡಕ ಇಳಿಸಿಕೊಂಡರು. ಅತ್ತೆ ಮರಳು ಕಾಗದ ತೆಗೆದುಕೊಂಡು ಹೋಗಿ ತುಕ್ಕು ಉಜ್ಜಲು ಕೂತರು. ಊಟಕ್ಕೆ ಕರೆದರೆ, “ಅವ್ಳು ಉಣ್ಲಿ, ಆಮ್ಯಾಕೆ ಉಣ್ತೀನಿ,” ಅಂದರು. ಹೊಸ ಕಬ್ಬಿಣ, ಮೇಲೆ ಅಲ್ಯೂಮಿನಿಯಂ ತಗಡು, ಛಾವಣಿಯ ಸಂದಿಗೆಲ್ಲ ಅಂಟು. ಬಕೆಟ್ಟುಗಟ್ಟಲೆ ನೀರು ಸುರಿದು, ಒಳಗೆ ಕೈಯಾಡಿಸಿ, ಒಂದು ಹನಿಯೂ ಇಳಿಯಲಿಲ್ಲ ಅಂತ ಅತ್ತೆಯೇ ಒಪ್ಪಿದ ಮೇಲೆ, ಹಸುವನ್ನು ಪಕ್ಕದ ಮನೆಗೆ ಒಪ್ಪಿಸಿ, ಯಜಮಾನರ ಸ್ನೇಹಿತರ ಜೀಪಿಗೆ ಮೂಗುದಾರ ಸಿಕ್ಕಿಸಿ ಮೂವರೂ ಹೊರಟೆವು.

ಓಡುವಾಗ ಒಳಗೆ ಕೂರುವಂತಿಲ್ಲ. ಅತ್ತೆ ಜೀಪಿನಲ್ಲಿ ಕೂತು, ಬೇಕೆಂದಾಗ ಮಗನ ಭುಜ ತಟ್ಟುವುದು, ಪಕ್ಕಕ್ಕೆ ಹಾಕಿದ ಕೂಡಲೇ ಇಳಿದು ಮಹಾರಾಣಿಯ ಹಾಗೆ ತಮ್ಮ ಮನೆಗೆ ಹೋಗಿ ಬರುವುದು. ದಾರಿಯುದ್ದಕ್ಕೂ ಮಜ್ಜಿಗೆ ಕುಡಿದರು, ಎಳನೀರು ಕುಡಿದರು, ಕಬ್ಬಿನಹಾಲನ್ನೂ ಬಿಡಲಿಲ್ಲ. “ಎಷ್ಟ್ ವರ್ಸದ ಬಾಯಾರ್ಕೆನಮ್ಮಿ ಇದು,” ಅಂದರು. ನಾನು ನನ್ನ ಎಳನೀರನ್ನೂ ಅವರ ಕಡೆ ಚಾಚಿದೆ.

ಚಿಕ್ಕತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ್ದರು. ಅತ್ತೆ ಹತ್ತಿರ ಹೋದವರು ಅಳುತ್ತಾರೆ ಅಂದುಕೊಂಡಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿ ನಿಂತು, “ಏಳೇ. ನೀನು ತವರಿಗೆ ಬರಾಕಾಗಾಕಿಲ್ಲ ಅಂತ ತವರ್ನೇ ತಂದಿವ್ನಿ,” ಅಂದರು. ಗಾಡಿ ಅಂದರೆ ಯಾಕೆ ಸಿಟ್ಟು, ಹಸು ಯಾಕೆ ಹತ್ತಬೇಕಿತ್ತು, ಆಗ ನನಗೆ ಅರ್ಥವಾಯಿತು. ತವರಾಗಬೇಕಾದರೆ ಅದು ಮನೆಯೇ ಆಗಿರಬೇಕು.

ಎತ್ತಿಕೊಂಡು ಹೋಗಿ ಒಳಗಿನ ಮಂಚದ ಮೇಲೆ ಕೂರಿಸಿದೆವು. ಅತ್ತೆ ಅಕ್ಕಿ, ಕಾಯಿ, ಬೆಲ್ಲ, ರವಿಕೆಕಣ ಇಟ್ಟ ಮೊರ ನನ್ನ ಕೈಗೆ ಕೊಟ್ಟು, “ನೀ ತುಂಬು. ಗಂಡ ಇಲ್ದೋಳು ನಾನು, ತುಂಬಂಗಿಲ್ಲ,” ಅಂತ ಹಿಂದೆ ಸರಿದರು. ಮಾವ ಹೋದಂದಿನಿಂದ ಅವರು ಆ ಕೆಲಸ ನನ್ನಿಂದಲೇ ಮಾಡಿಸುತ್ತಿದ್ದರು. ಚಿಕ್ಕತ್ತೆಯ ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಆದರೂ ಸೆರಗು ಮುಚ್ಚಿಕೊಂಡುಬಿಟ್ಟು, “ಯಾವನೇ ಹೇಳ್ದೋನು? ಅಕ್ಕಯ್ಯನ ಕೈಲೇ ಬೇಕು. ಇಲ್ದಿದ್ರೆ ಬ್ಯಾಡ,” ಅಂದರು. ಅತ್ತೆ ಮೊರ ತೆಗೆದುಕೊಂಡರು. ಉಗುರಿನಲ್ಲಿ ಗ್ರೀಸಿದ್ದ ಆ ಕೈಯಲ್ಲೇ ಹಿಡಿ ಹಿಡಿ ಅಕ್ಕಿ ಎತ್ತಿ ತಂಗಿಯ ಸೆರಗಿಗೆ ಹಾಕಿದರು. ಆಗ ಅತ್ತರು ಇಬ್ಬರೂ.

ಅಂಗಳದಲ್ಲೇ ಮನೆ ನಿಂತಿತು, ಅಕ್ಕತಂಗಿ ಅದರಲ್ಲೇ ಇದ್ದರು. ಚಿಕ್ಕತ್ತೆ ಊಟ ಶುರು ಮಾಡಿದರು. ಆಮೇಲೆ ಪ್ರತಿ ಗೌರಿಗೂ ಹೋದೆವು. ಹೊರಡುವ ಮುಂಚೆ ಅತ್ತೆ ಚಕ್ರದ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು ಗ್ರೀಸು ತುಂಬುತ್ತಿದ್ದರು.

ನಾವೆಲ್ಲ ಹೆದರಿದ್ದು ಚಿಕ್ಕತ್ತೆಯ ಜೀವಕ್ಕೆ. ಹೋದವರು ನಮ್ಮತ್ತೆ. ಹೋದ ವರ್ಷ, ಹಾಲು ಕರೆದು ಬಂದು ಎದೆ ಒತ್ತಿದಂಗಾಯ್ತು ಅಂತ ಗೋಡೆಗೆ ಒರಗಿದವರು ಏಳಲೇ ಇಲ್ಲ. ಅಕ್ಕನ ಮುಖ ನೋಡಲು ಚಿಕ್ಕತ್ತೆಗೆ ಬರಲಾಗಲಿಲ್ಲ. ನನ್ನನ್ನು ಬೈದು, ಕಾಡಿಸಿ, ನಗಿಸಿ ಇಪ್ಪತ್ತು ವರ್ಷ ಸಾಕಿದವರು ಅವರು. ಅವರಿಲ್ಲದ ಮನೆಯಲ್ಲಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ.

ಈ ಸಲ ಗೌರಿಗೆ ಬೇರಿಂಗ್ ಬಿಚ್ಚಿ ಗ್ರೀಸು ನಾನೇ ತುಂಬಿದೆ. ಹಿರಿಯೂರಿಗೆ ಹೋಗಿ, ಚಿಕ್ಕತ್ತೆಯನ್ನು ಅದೇ ಮಂಚದ ಮೇಲೆ ಕೂರಿಸಿ, ಮೊರ ಹಿಡಿದು ನಿಂತೆ. ಚಿಕ್ಕತ್ತೆ ಸೆರಗು ಒಡ್ಡಿದರು. ತುಂಬಿದೆ. ತುಂಬಿ ಮುಗಿದ ಮೇಲೆ ಅವರು ಬಲಗೈಯಿಂದ ಅದೇ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು, ನನ್ನ ಸೆರಗು ಎಳೆದು ಅದರಲ್ಲಿ ಹಾಕಿದರು.

“ಒಸಿ ವಾಪಸ್ ಇಟ್ಕೋಬೇಕು ಕಣವ್ವ,” ಅಂದರು. “ತವರು ಬರಿದಾಗ್ಬಾರ್ದು.”