ಮಿಶ್ರಿ ಬಿಟ್ಟ ಅತ್ತೆ, ಸೊಸೆ

ಮಿಶ್ರಿಯ ಚಟ ಬಿಟ್ಟವರು ಅದನ್ನು ಹೇಗೆ ಬಿಟ್ಟರು ಎಂದು ತಿಳಿಯುವ ಅಧ್ಯಯನಕ್ಕಾಗಿ ನಾನು ಚಿಕ್ಕೋಡಿಯಿಂದ ಬೋರಗಾಂವಕ್ಕೆ ಹೋಗುತ್ತಿದ್ದೆ. ಹುರಿದ ತಂಬಾಕಿನ ಆ ಕರಿ ಪುಡಿಯನ್ನು ಹಲ್ಲಿಗೆ ತಿಕ್ಕುವುದು ಅಲ್ಲಿ ಎಷ್ಟೋ ಹೆಂಗಸರಿಗೆ ಚಹಾದಷ್ಟೇ ರೂಢಿ.

ಒಂದು ಮನೆಯಲ್ಲಿ ಅತ್ತೆ, ಸೊಸೆ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಜೊತೆಗೇ ಕೂತು ತಿಕ್ಕುತ್ತಿದ್ದರು. ಬಿಡುವ ಯತ್ನವೇನಾದರೂ ಮಾಡಿದ್ದಾರೆಯೇ ಎಂದು ಮೊದಲು ಅತ್ತೆಯೊಬ್ಬರನ್ನೇ ಒಳಗೆ ಕೂರಿಸಿಕೊಂಡು ಕೇಳಿದೆ. ಅವರು ದನಿ ತಗ್ಗಿಸಿದರು.

"ಬಿಟ್ಟು ತಿಂಗಳಾತ್ರಿ. ಈಗ ಬರೇ ಇದ್ದಲಿ ಪುಡಿ ತಿಕ್ಕತೀನಿ. ಸೊಸಿಗಿ ಹೇಳಬ್ಯಾಡ್ರಿ. ಗೊತ್ತಾದ್ರ ಅಕಿ ಮುಂಜಾನಿ ನನ್ನ ಕೂಡ ಕುಂದ್ರೂದಿಲ್ಲ."

ಆಮೇಲೆ ಸೊಸೆ ಒಳಗೆ ಬಂದಳು. "ನಾ ಮಿಶ್ರಿ ಬಿಟ್ಟೀನ್ರಿ ಅಕ್ಕಾರ. ಕರಿ ಹಲ್ಲುಪುಡಿ ಹಚ್ಕೊಂಡು ಸುಮ್ನ ಕುಂದರ್ತೀನಿ. ಇಲ್ಲಾಂದ್ರ ಅತ್ತಿ ಒಬ್ಬರ ಆಗ್ತಾರಲ್ರಿ?"

ನನ್ನ ಪ್ರಶ್ನಾವಳಿಯಲ್ಲಿ ಕ್ಯಾನ್ಸರಿನ ಭಯವಿತ್ತು, ಡಾಕ್ಟರ ಸಲಹೆಯಿತ್ತು. ಜೊತೆಗೆ ಕೂರುವ ಆಸೆಗೆ ಜಾಗವೇ ಇರಲಿಲ್ಲ. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವ ಹಾಗಿರಲಿಲ್ಲವಾದ್ದರಿಂದ ಹೇಗೋ ತಡೆದುಕೊಂಡು, "ನೀವ ಒಮ್ಮೆ ಅತ್ತಿಗೆ ಹೇಳಿ ನೋಡ್ರಲ್ಲ" ಎಂದಷ್ಟೇ ಅಂದೆ.

ಅವಳು ಅಂಜುತ್ತಲೇ ಹೊರಗೆ ಹೋಗಿ ಹೇಳಿದಳು. ಅತ್ತೆ ಓಣಿಗೆಲ್ಲ ಕೇಳುವಂತೆ ನಕ್ಕುಬಿಟ್ಟರು.

"ಹುಚ್ಚಿ, ನಾನೂ ಬಿಟ್ಟೀನಿ! ನಾಳಿಂದ ಇಲ್ಲೇ ಚಾ ಕುಡಕೋತ ಕುಂದ್ರೂಣು."

ನನಗೆ ಬಸ್ಸು ಬರುವವರೆಗೂ ತಾಳ್ಮೆ ಇರಲಿಲ್ಲ. ರಸ್ತೆಯಲ್ಲೇ ನಿಂತು ನಮ್ಮ ಪ್ರೊಫೆಸರಿಗೆ ಫೋನ್ ಮಾಡಿ, "ಸರ್, ಅವರಿಗೆ ಮಿಶ್ರಿ ಬಿಡೂದು ಕಷ್ಟ ಆಗಿಲ್ರಿ. ಜೋಡಿ ಕುಂದ್ರೂ ಕಟ್ಟಿ ಬಿಡೂದು ಕಷ್ಟ ಆಗೇತಿ!" ಎಂದು ಕೂಗಿಯೇ ಹೇಳಿದೆ.