ಸಂಪಗಾಂವ ದಾರಿಯಲ್ಲಿ ಸಣ್ಣ ಮೋಟಾರು

ಬೆಳಗಾವಿಯ ಮೋಟಾರು ಅಂಗಡಿಯಲ್ಲಿ ನಾನು ಡ್ರೈವರನಾಗಿದ್ದೆ. ಕಡಿಮೆ ಬೆಲೆಯ ಸಣ್ಣ ಮೋಟಾರೊಂದನ್ನು ಬೈಲಹೊಂಗಲದ ಹತ್ತಿ ಸಾಹುಕಾರರಿಗೆ ಓಡಿಸಿ ತೋರಿಸಬೇಕಿತ್ತು. ಅವರಿಗೆ ದಿನಾ ಸಂಪಗಾಂವಕ್ಕೆ ಹೋಗಿಬರುವ ಕೆಲಸ. ಮಾರಾಟವಾಗದಿದ್ದರೆ ನನ್ನ ನೌಕರಿ ಹೋಗುವುದಿತ್ತು.

ಬೈಲಹೊಂಗಲ ದಾಟುವ ಮೊದಲೇ ಯಾರೋ ನಮಸ್ಕಾರ ಮಾಡಿದರು. "ನಿಲ್ಲಸ್ರಿ," ಅಂದರು ಸಾಹುಕಾರರು. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸದೆ, "ಅದನ್ನ ಬಂದ್ ಮಾಡ್ರಿ," ಅಂದರು. ಮಳೆ, ಬೆಳೆ, ಮಗಳ ಮದುವೆ ಎಲ್ಲ ಮಾತಾಡಿ ಮುಗಿದ ಮೇಲೆ ನಾನು ಇಳಿದು, ಗಾಡಿಯ ಮೂತಿಗಿದ್ದ ಹ್ಯಾಂಡಲ್ ತಿರುವಿ ತಿರುವಿ ಎಂಜಿನ್ ಮತ್ತೆ ಚಾಲೂ ಮಾಡಿದೆ. ಹೀಗೆ ಒಂಬತ್ತು ಸಲ. ನನ್ನ ರಟ್ಟೆ ಬಿದ್ದುಹೋಯಿತು.

"ಎಲ್ಲಾರ್ನೂ ಮಾತಾಡಸಬೇಕೇನ್ರಿ ಸಾಹುಕಾರ್ರ?" ಎಂದು ಸಿಟ್ಟು ನುಂಗಿಕೊಂಡು ಕೇಳಿದೆ.

"ಮಾತಾಡಸದ ಹೋದ್ರ, ಮೋಟಾರ ಬಂದ ಕೂಡ್ಲೆ ಸೊಕ್ಕು ಬಂತು ಅಂತಾರ."

ಸಂಪಗಾಂವ ಕಾಣುವಷ್ಟರಲ್ಲಿ ಹತ್ತನೆಯವರು ಎದುರಾದರು. "ನೀವು ಮುಂದ ನಡೀರಿ, ನಾ ಮಾತಾಡಕೋಂತ ಬರತೇನಿ," ಎಂದು ಸಾಹುಕಾರರು ಇಳಿದೇಬಿಟ್ಟರು. ಗಿರಾಕಿ ಹೋದಂತೆಯೇ ಎಂದುಕೊಂಡು ಖಾಲಿ ಗಾಡಿ ಒಯ್ದು ಊರ ಮುಂದೆ ಕುಳಿತೆ.

ತಾಸಿನ ಮೇಲೆ ಅವರು ನಡೆದು ಬಂದು, "ಗಾಡಿ ಛಲೋ ಐತಿ, ತಗೋತೇನಿ. ಆದ್ರ ನೀವ ದಿನಾ ನಡಸಬೇಕು ನೋಡ್ರಿ," ಅಂದರು.

"ನಡಸ್ತೇನ್ರಿ. ಹ್ಯಾಂಡಲ್ ಮಾತ್ರ ನೀವು ತಿರುವಬೇಕು," ಅಂದೆ. ನಕ್ಕು ಒಪ್ಪಿದರು.

ಮೂರನೆಯ ದಿನಕ್ಕೆ ಸಾಹುಕಾರರು ಕುಳಿತಲ್ಲಿಂದಲೇ ಕೈಮುಗಿದು ಮುಂದೆ ಹೋಗುವುದನ್ನು ಕಲಿತರು.